ಗಡಿಯಾರ ಸರಿಯಾಗಿತ್ತು

ಗಡಿಯಾರ ಸರಿಯಾಗಿತ್ತು. ಸುಗುಣಾ ಟೀಚರ್ ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದವನು ನಾನು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಮೇನ್ ಸ್ವಿಚ್ಚನ್ನು ಕೆಳಗೆ ಎಳೆದದ್ದು ಈ ನನ್ನ ಕೈ. ಆಮೇಲೆ ಆಡಳಿತ ಮಂಡಳಿಯ ಮುಂದೆ ಕೂತು, ಆ ಯಂತ್ರದ ಗಡಿಯಾರ ಕೆಟ್ಟಿದೆ ಎಂದದ್ದು ಈ ನನ್ನ ಬಾಯಿ. ಅದರಿಂದ ಒಬ್ಬ ಹೆಣ್ಣುಮಗಳ ನೌಕರಿ ಹೋಯಿತು, ಮಾನವೂ ಹೋಯಿತು. ಇಷ್ಟು ಹೇಳುವುದಕ್ಕೆ ನನಗೆ ಇಪ್ಪತ್ತು ವರ್ಷ ಬೇಕಾಯಿತು — ನಾಲ್ಕು ಸಾಲು, ಇಪ್ಪತ್ತು ವರ್ಷ. ಥೂ, ನನ್ನ ಜನ್ಮಕ್ಕಿಷ್ಟು!

ನಾನು ಪಾಟೀಲ ಮಾಸ್ತರ. ಹುಬ್ಬಳ್ಳಿಯ ಒಂದು ಕನ್ನಡ ಮಾಧ್ಯಮದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತನಾದವನು. ಸಿಟ್ಟಿನ ಮನುಷ್ಯ ಎಂದು ಹೆಸರು. ಲೆಕ್ಕದಲ್ಲಿ ಒಂದು ಹಂತ ಬಿಟ್ಟ ಹುಡುಗಿಗೆ, ‘ಉತ್ತರ ಎಲ್ಲಿಂದ ಉದುರಿತು, ಮಾಳಿಗೆಯಿಂದಲೇ?’ ಎಂದು ಇಡೀ ವರ್ಗದ ಮುಂದೆ ಕೇಳಿದವನು. ಖರೇ ಹೇಳಬೇಕು, ಹಂತ ಹಂತವಾಗಿ ಹೇಳಬೇಕು ಎಂದು ಕೈಯೊಳಗಿನ ಸೀಮೆಸುಣ್ಣದ ಖಡು ಮುರಿಯುವ ಹಾಗೆ ಹಲಗೆ ಕುಟ್ಟಿದವನು. ಆ ಹುಡುಗಿಯರು ಈಗ ಇದನ್ನು ಓದಿದರೆ ನಗಬೇಕೋ ಉಗುಳಬೇಕೋ, ಅವರಿಗೇ ಬಿಟ್ಟದ್ದು. ಈಗ ನಾನೂ ಹಂತ ಹಂತವಾಗಿಯೇ ಹೇಳುತ್ತೇನೆ.

ಆಗ ಎರಡು ಸಾವಿರನೇ ಇಸವಿ ದಾಟಿ ನಾಲ್ಕೈದು ವರ್ಷ. ಊರಿನ ಯಾವುದೋ ಕಚೇರಿಯವರು ಹೊಸ ಕಂಪ್ಯೂಟರ್ ತರಿಸಿಕೊಂಡು, ಹಳೆಯ ಹದಿನೆಂಟನ್ನು ನಮ್ಮ ಶಾಲೆಗೆ ದಾನ ಕೊಟ್ಟರು. ದಾನವೆಂದರೆ ಎಂಥ ದಾನ! ಒಳಗಿನ ಡಿಸ್ಕುಗಳನ್ನೆಲ್ಲ ಕಳಚಿಕೊಂಡು ಬರೀ ಡಬ್ಬಿ ಕೊಟ್ಟರು. ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡರು, ಹೋದರು. ನಾನು ಮೂರು ತಿಂಗಳ ಕಂಪ್ಯೂಟರ್ ಸರ್ಟಿಫಿಕೇಟು ಪಡೆದಿದ್ದೆನಾದ್ದರಿಂದ ಕಾಗದದ ಮೇಲೆ ನಾನೇ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ‘ಡಿಸ್ಕ್ ಇಲ್ಲದ ಡಬ್ಬಿ ತಗೊಂಡು ಏನ್ ಮಾಡೋದೈತಿ, ಉಪ್ಪಿನಕಾಯಿ ಹಾಕೋದೇನು?’ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ನಗಿಸಿ ಮುಖ್ಯಸ್ಥನ ಕೆಲಸ ಮುಗಿಸಿದೆ.

ಡಬ್ಬಿಗಳನ್ನು ಹೊಲಿಗೆ ಕೋಣೆಯಲ್ಲಿ ಒಟ್ಟಿದ್ದರು. ಹೊಲಿಗೆ ಕಲಿಸುತ್ತಿದ್ದವರು ಸುಗುಣಾ ಟೀಚರ್. ಉಣಕಲ್ಲಿನವರು, ಮಿಷನ್ ಚರ್ಚಿನ ಮನೆತನ, ತಂದೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಏಳೆಂಟು ವರ್ಷದಿಂದ ಟೆಂಪರರಿ. ಹೊಲಿಗೆ ವಿಷಯವನ್ನೇ ತೆಗೆದುಹಾಕುವ ಮಾತು ಆಗಲೇ ನಡೆದಿತ್ತು. ತೆಗೆದರೆ ಅವರೂ ಮನೆಗೆ. ಅಂಥ ಹೊತ್ತಿನಲ್ಲಿ ಒಂದು ಇಂಜಿನಿಯರಿಂಗ್ ಕಾಲೇಜಿನ ಲೆಕ್ಚರರ್ ಒಬ್ಬರು ಬಂದು, ಡಿಸ್ಕಿಲ್ಲದಿದ್ದರೂ ಇವನ್ನು ಓಡಿಸಬಹುದು, ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ ಒಂದೇ ಒಂದು ದೊಡ್ಡ ಯಂತ್ರ ಇದ್ದರೆ ಸಾಕು ಎಂದರು. ಎರಡು ಭಾನುವಾರ ಬಂದು ಜೋಡಿಸಿಕೊಡುವುದಾಗಿ ಒಪ್ಪಿದರು. ನನಗೂ ಬರಲು ಹೇಳಿದ್ದರು. ಭಾನುವಾರ! ಮಧ್ಯಾಹ್ನದ ನಿದ್ದೆ ಬಿಟ್ಟು ಯಾರು ಹೋಗುತ್ತಾರೆ? ಸುಗುಣಾ ಟೀಚರ್ ಚರ್ಚು ಮುಗಿಸಿ, ಅದೇ ಸೀರೆಯಲ್ಲಿ ನೇರ ಶಾಲೆಗೆ ಬಂದರು. ಲೆಕ್ಚರರ್ ಹೇಳಿದ್ದನ್ನೆಲ್ಲ ಉದ್ದನೆಯ ಪುಸ್ತಕದಲ್ಲಿ ಬರೆದುಕೊಂಡರು. ಅರ್ಥವಾಗದ್ದಕ್ಕೆ ಕೆಂಪು ಶಾಯಿ. ಆರು ತಿಂಗಳಲ್ಲಿ ಆ ಪುಸ್ತಕದಲ್ಲಿ ಕೆಂಪು ಹುಡುಕಿದರೂ ಸಿಗುತ್ತಿರಲಿಲ್ಲ.

ಹದಿನೆಂಟು ಡಬ್ಬಿಗಳಿಗೂ ಸ್ವಂತದ್ದೇನೂ ಇಲ್ಲ. ಗೋಡೆಯ ಬದಿಗಿದ್ದ, ಲೆಕ್ಚರರ್ ತಂದುಕೊಟ್ಟ ಹಳೆಯ ದೊಡ್ಡ ಯಂತ್ರ, ಸರ್ವರು, ಅದೇ ಎಲ್ಲದರ ತಲೆ, ಅದೇ ಎಲ್ಲದರ ಕಪಾಟು. ಹುಡುಗಿಯರು ಅದಕ್ಕೆ ‘ದೊಡ್ಡವ್ವ’ ಎಂದು ಹೆಸರಿಟ್ಟಿದ್ದರು. ಸುಗುಣಾ ಟೀಚರ್ ಅವರಿಗೆ ಹೇಳಿಕೊಡುತ್ತಿದ್ದದ್ದು ನನಗೆ ಇನ್ನೂ ಕಿವಿಯಲ್ಲಿದೆ: ‘ಅಡಿಗಿ ಒಂದ ಒಲಿ ಮ್ಯಾಲ, ಊಟ ಹದಿನೆಂಟು ತಾಟಿನ್ಯಾಗ. ತಾಟು ಎತ್ತಿಟ್ರ ಏನೂ ಆಗಂಗಿಲ್ಲ. ಒಲಿ ಆರಿಸಿದ್ರ ಎಲ್ಲಾರೂ ಉಪಾಸ.’ ಅಂದರೆ ಸಣ್ಣ ಡಬ್ಬಿಗಳನ್ನು ಹೇಗೆ ಬೇಕಾದರೂ ಬಂದ್ ಮಾಡಬಹುದು. ದೊಡ್ಡವ್ವನನ್ನು ಮಾತ್ರ ಮೊದಲು ಕೇಳಿ, ಅದು ತನ್ನ ಕೆಲಸ ಎತ್ತಿಟ್ಟುಕೊಂಡ ಮೇಲೆ ಬಂದ್ ಮಾಡಬೇಕು. ಎಂಟನೇ ಇಯತ್ತೆಯ ಹುಡುಗಿಗೂ ಇದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ ಎಂದು ಯಾರೂ ತಿಳಿಯಬೇಡಿ. ಗೊತ್ತಿತ್ತು.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ನನ್ನ ಸುಳ್ಳು ಅದರ ಮೇಲೆಯೇ ನಿಂತದ್ದು. ಆ ಹದಿನೆಂಟು ಡಬ್ಬಿಗಳ ಒಳಗಿನ ಗುಂಡು ಬ್ಯಾಟರಿಗಳು ಎಂದೋ ಸತ್ತಿದ್ದವು. ಚಾಲೂ ಮಾಡಿದಾಗ ಒಂದೊಂದು ಡಬ್ಬಿ ಒಂದೊಂದು ಇಸವಿ ತೋರಿಸುತ್ತಿತ್ತು. ‘ಟೀಚರ್, ನನ್ನ ಕಂಪ್ಯೂಟರ್‌ನ್ಯಾಗ ನಾ ಇನ್ನಾ ಹುಟ್ಟೇ ಇಲ್ರಿ!’ ಎಂದು ಹುಡುಗಿಯರು ನಗುತ್ತಿದ್ದರು. ಇಡೀ ಶಾಲೆಗೆ ಗೊತ್ತಿದ್ದ ತಮಾಷೆ ಅದು. ಆದರೆ ದೊಡ್ಡವ್ವನ ಬ್ಯಾಟರಿ ಹೊಸದು. ಸುಗುಣಾ ಟೀಚರ್ ದಿನಾ ಬೆಳಿಗ್ಗೆ ರೇಡಿಯೋ ಸಮಯ ಕೇಳಿ ಕೈಗಡಿಯಾರ ಸರಿಪಡಿಸಿಕೊಂಡು ಬಂದು, ಅದನ್ನು ನೋಡಿ ಸರ್ವರಿನ ಸಮಯ ತಾಳೆ ಮಾಡುತ್ತಿದ್ದರು. ಒಂದು ನಿಮಿಷವೂ ಆಚೀಚೆ ಇಲ್ಲ.

ಒಂದೂವರೆ ವರ್ಷ ಆ ಕೋಣೆ ನಡೆಯಿತು. ನಮ್ಮ ಹುಡುಗಿಯರು ಎಂಥ ಮನೆಗಳಿಂದ ಬಂದವರು! ಬೆಂಗೇರಿಯಲ್ಲಿ ನೂಲುವವರ ಮಗಳು, ಗೋಪನಕೊಪ್ಪದಲ್ಲಿ ಹಾಲು ಹಾಕುವವರ ಮಗಳು. ಮನೆಯಲ್ಲಿ ಕೂತು ಬರೆಯಲು ಮಣೆಯೂ ಇಲ್ಲದವರು. ಅವರು ಕನ್ನಡದಲ್ಲಿ ಟೈಪ್ ಮಾಡಿದರು. ಆಗ ಲಿನಕ್ಸಿನಲ್ಲಿ ಕನ್ನಡವೆಂದರೆ ಒತ್ತಕ್ಷರ ಒಂದು ಕಡೆ, ದೀರ್ಘ ಇನ್ನೊಂದು ಕಡೆ, ಆದರೂ ಬಿಡಲಿಲ್ಲ. ಹತ್ತನೇ ಇಯತ್ತೆ ‘ಬ’ ವಿಭಾಗದ ನಲವತ್ತೊಂದು ಹುಡುಗಿಯರು ತಂತಮ್ಮ ಓಣಿಯ ಬಗ್ಗೆ ಬರೆದರು. ಓಣಿಯ ನಳದ ಜಗಳ, ಗಿರಣಿಯ ಸಾಲು, ಓಡಿಹೋಗಿ ತಿರುಗಿ ಬಂದ ಚಿಕ್ಕಮ್ಮ — ಎಲ್ಲ ಇತ್ತು ಅದರಲ್ಲಿ. ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಬೇಕೆಂದು ಸುಗುಣಾ ಟೀಚರ್ ಹಟ ಹಿಡಿದಿದ್ದರು. ಆಡಳಿತ ಮಂಡಳಿಯ ಚೇರ್ಮನ್ ಸಾಹೇಬರೂ ಖುಷಿಯಾಗಿ ಎಲ್ಲರ ಎದುರಿಗೆ ಹೇಳಿದರು: ‘ಹಿಂಗ ನಡಸ್ರಿ ಟೀಚರ. ದೀಪಾವಳಿ ಆದಮ್ಯಾಲ ನಿಮ್ಮನ್ನ ಕಂಪ್ಯೂಟರ್ ಟೀಚರ್ ಅಂತ ಖಾಯಂ ಮಾಡೂಣು.’ ಒಂಬತ್ತು ವರ್ಷ ಕಾದ ಮಾತು. ಆ ದಿನ ಅವರು ಸ್ಟಾಫ್ ರೂಮಿಗೆ ಪೇಢೆ ತಂದಿದ್ದರು. ನಾನೂ ಎರಡು ತಿಂದೆ.

ತಿಂದೆ, ಆದರೆ ಜೀರ್ಣವಾಗಲಿಲ್ಲ. ಯಾಕೆಂದರೆ ಅದಕ್ಕೆ ಮುಂಚಿನ ತಿಂಗಳು ಶಿಕ್ಷಣ ಇಲಾಖೆಯ ಅಧಿಕಾರಿಯೊಬ್ಬರು ಬಂದು, ‘ಡಿಸ್ಕ್ ಇಲ್ದ ಹೆಂಗ ನಡೀತಾವ್ರಿ ಇವು?’ ಎಂದು ಮುಖ್ಯಸ್ಥನಾದ ನನ್ನನ್ನೇ ಕೇಳಿದ್ದರು. ನಾನು ಅದೂ ಇದೂ ಎಂದು ತಡವರಿಸಿದೆ. ಮುಂದಿನ ಸಾಲಿನ ಹುಡುಗಿ ಎದ್ದು ನಿಂತು, ‘ಸರ್‌ಗೆ ಗೊತ್ತಿಲ್ರಿ, ಸುಗುಣಾ ಟೀಚರ್ ಹೇಳ್ತಾರ್ರಿ’ ಎಂದಳು. ಮಗು ನಿಜ ಹೇಳಿತು. ಅಧಿಕಾರಿ ನನ್ನ ಕಡೆ ಬೆನ್ನು ತಿರುಗಿಸಿ ಅವರ ಕಡೆ ಹೋದರು. ಅಂದಿನಿಂದ ನನ್ನ ಹೊಟ್ಟೆಯಲ್ಲಿ ಒಂದು ಕಿಚ್ಚು — ಹೊಟ್ಟೆಕಿಚ್ಚು ಎನ್ನುವ ಮಾತು ಸುಮ್ಮನೆ ಹುಟ್ಟಿದ್ದಲ್ಲ, ಅದು ಖರೇನೇ ಸುಡುತ್ತದೆ.

ಖಂಡೇಪೂಜೆಗೆ ಶಾಲೆಗೆ ರಜೆ. ಆದರೂ ಮಾಸ್ತರರು, ಮಂಡಳಿಯವರು ಬಂದು ಘಂಟೆ, ಟೈಪ್‌ರೈಟರ್, ಪ್ರಯೋಗಶಾಲೆಯ ಸಾಮಾನು, ಎಲ್ಲಕ್ಕೂ ಪೂಜೆ ಮಾಡುವುದು ರೂಢಿ. ನನ್ನ ಅಪ್ಪನದು ಹಿಟ್ಟಿನ ಗಿರಣಿ. ಅಂದು ಅಪ್ಪ ಪಟ್ಟಾ ಕಳಚಿಟ್ಟು, ಯಂತ್ರ ತೊಳೆದು, ಕುಂಕುಮ ಹಚ್ಚಿ, ‘ವರ್ಷಾನುಗಟ್ಟಲೆ ದುಡದೈತಿ, ಇವತ್ತೊಂದಿನ ಮಲಗಲಿ’ ಎನ್ನುತ್ತಿದ್ದ. ಓಡುವ ಯಂತ್ರಕ್ಕೆ ಪೂಜೆಯಿಲ್ಲ. ನಾನು ಅದನ್ನೇ ನಂಬಿ ಬೆಳೆದವನು. ಈ ಇಪ್ಪತ್ತು ವರ್ಷ ನನಗೆ ನಾನು ಹೇಳಿಕೊಂಡು ಬಂದದ್ದೂ ಇದನ್ನೇ: ರೂಢಿಯ ಪ್ರಕಾರ ಬಂದ್ ಮಾಡಿದೆ, ಅಷ್ಟೇ, ಕೆಟ್ಟ ಬುದ್ಧಿಯಿಂದಲ್ಲ…

ಸುಳ್ಳು! ಇದೂ ಸುಳ್ಳು. ಅಪ್ಪನನ್ನೂ ಗಿರಣಿಯನ್ನೂ ನನ್ನ ಪಾಪಕ್ಕೆ ಅಡ್ಡ ಹಿಡಿಯುವುದನ್ನು ಇವತ್ತಿಗೆ ನಿಲ್ಲಿಸುತ್ತೇನೆ. ಅಲ್ಲಿ ಒಂದು ಚೀಟಿ ಇತ್ತು. ನಾನು ಅದನ್ನು ಓದಿದೆ.

ಸುಗುಣಾ ಟೀಚರ್ ಹಿಂದಿನ ದಿನವೇ ಬೆಟಗೇರಿಗೆ, ಅಕ್ಕನ ಮಗಳ ಮದುವೆಗೆ ಹೋಗಿದ್ದರು. ಹೋಗುವ ಮುನ್ನ ಹದಿನೆಂಟೂ ಡಬ್ಬಿ ಒರೆಸಿ, ಪೂಜೆಗೆಂದು ಮೇಜಿನ ಮೇಲೆ ಸೇವಂತಿಗೆ ತಂದಿಟ್ಟು ಹೋಗಿದ್ದರು. ಸರ್ವರಿನ ಡಿಸ್ಕು ಹಳತಾಗಿ ಕಟ್ ಕಟ್ ಸದ್ದು ಮಾಡುತ್ತಿತ್ತು. ಕೈ ಕೊಡುವ ಮೊದಲೇ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ಸಾಗಿಸಲು ಹಚ್ಚಿದ್ದರು. ಅದು ಒಂದು ದಿನದ ಕೆಲಸ. ಸ್ವಿಚ್ ಬೋರ್ಡಿನ ಮೇಲೆ, ಕಣ್ಣಿಗೆ ಹೊಡೆಯುವ ಹಾಗೆ, ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದ್ದರು: ‘ಮಕ್ಕಳ ಬರಹಗಳನ್ನು ಹೊಸ ಡಿಸ್ಕಿಗೆ ಸಾಗಿಸಲಾಗುತ್ತಿದೆ. ನಾನು ಬರುವವರೆಗೆ ದಯವಿಟ್ಟು ಮೇನ್ ಆರಿಸಬೇಡಿ. ಪೂಜೆಯನ್ನು ಹೀಗೆಯೇ ಮಾಡಬಹುದು. — ಸುಗುಣಾ.’

ನಾನು ಉಳಿದವರಿಗಿಂತ ಮೊದಲೇ, ಒಬ್ಬನೇ, ಕೋಣೆ ತೆರೆದು ಪೂಜೆಗೆ ಅಣಿ ಮಾಡಲು ಹೋಗಿದ್ದೆ. ಚೀಟಿ ಓದಿದೆ. ಕೊನೆಯ ಸಾಲಿಗೆ ಬಂದಾಗ ಮೈ ಉರಿಯಿತು. ಪೂಜೆ ಹೇಗೆ ಮಾಡಬೇಕೆಂದು ಇವರು ನನಗೆ ಹೇಳಿಕೊಡುವುದೇ? ಹೊಲಿಗೆ ಟೀಚರ್, ಟೆಂಪರರಿ ಟೀಚರ್, ಅದೂ — ಅದೂ ಏನೆಂದುಕೊಂಡೆನೋ ಅದನ್ನೂ ಬರೆಯಬೇಕು. ಅದೂ ಚರ್ಚಿಗೆ ಹೋಗುವವರು. ಹಾಗೆಂದುಕೊಂಡೆ. ಹೂವು ತಂದಿಟ್ಟವರ ಬಗ್ಗೆ ಹಾಗೆಂದುಕೊಂಡೆ, ನಾಚಿಕೆಗೇಡಿ! ಗೋಡೆಯ ಗಡಿಯಾರದಲ್ಲಿ ಹತ್ತೂ ನಲವತ್ತು ದಾಟಿತ್ತು. ಮೇನ್ ಎಳೆದೆ. ಕೂಡಲೇ ಯುಪಿಎಸ್ ಕೀ… ಕೀ… ಎಂದು ಬಡಿದುಕೊಳ್ಳತೊಡಗಿತು. ಅದು ಬೇಡವೆಂದು ಹೇಳುತ್ತಿತ್ತು, ಇನ್ನೂ ಸಮಯವಿತ್ತು, ಮೇನ್ ಮೇಲೆತ್ತಿದ್ದರೆ ಎಲ್ಲ ಉಳಿಯುತ್ತಿತ್ತು. ನಾನು ಬಗ್ಗಿ ಅದರ ಗುಂಡಿಯನ್ನೂ ಒತ್ತಿ ಸುಮ್ಮನಾಗಿಸಿದೆ. ಡಿಸ್ಕಿನ ಸದ್ದು ನಿಂತಿತು. ಚೇರ್ಮನ್ನರು ಬಂದರು, ಕಾಯಿ ಒಡೆದರು, ಮಂಗಳಾರತಿ ಆಯಿತು. ಯಂತ್ರ ಬಂದ್ ಆಗಿರುವುದನ್ನು ಎಲ್ಲರೂ ಕಂಡರು.

ಅವರೆಲ್ಲ ಪ್ರಸಾದಕ್ಕೆ ಹೋದ ಮೇಲೆ ನನಗೆ ಸ್ವಲ್ಪ ಅಂಜಿಕೆ ಹತ್ತಿತು. ಮತ್ತೆ ಚಾಲೂ ಮಾಡಿದೆ. ಯಂತ್ರ ಏಳಲಿಲ್ಲ. ಕರಿ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಪ್ರಶ್ನೆಗಳು ಬರತೊಡಗಿದವು: ಇದು ಕೆಟ್ಟಿದೆ, ಸರಿ ಮಾಡಲೇ? ಇದಕ್ಕೆ ಹೆಸರಿಲ್ಲ, ಕಿತ್ತುಹಾಕಲೇ? ಒಂದೊಂದನ್ನೂ ಓದಿ ಉತ್ತರಿಸಬೇಕಾದ ಪ್ರಶ್ನೆ. ಬೆಟಗೇರಿಗೆ ಒಂದು ಫೋನ್ ಮಾಡಿದ್ದರೆ ಅವರು ಹೇಳುತ್ತಿದ್ದರು: ಮುಟ್ಟಬ್ಯಾಡ್ರಿ ಸರ್, ನಾ ಬರ್ತೇನಿ. ಮಾಡಲಿಲ್ಲ. ಬಾಗಿಲ ಕಡೆ ನೋಡುತ್ತ ‘ವೈ’ ಒತ್ತಿದೆ. ಹೌದು. ಮತ್ತೆ ಬಂತು, ಮತ್ತೆ ಹೌದು. ಎಷ್ಟು ಸಲ ಒತ್ತಿದೆನೋ, ಬೆರಳನ್ನು ಎತ್ತಲೇ ಇಲ್ಲ. ಕೊನೆಗೆ ಯಂತ್ರ ಎದ್ದಿತು. ಹುಡುಗಿಯರ ಖಾತೆಗಳು ಖಾಲಿ. ಕಳೆದುಹೋದದ್ದನ್ನೆಲ್ಲ ಲಿನಕ್ಸ್ ತಂದು ಸುರಿಯುವ ಒಂದು ಕೋಶದಲ್ಲಿ ಹೆಸರಿಲ್ಲದ, ಬರೀ ಸಂಖ್ಯೆ ಹಚ್ಚಿದ ತುಂಡುಗಳ ರಾಶಿ. ಹೊಸ ಡಿಸ್ಕಿಗೆ ಸಾಗಿದ್ದು ಅರ್ಧಂಬರ್ಧ, ಅದು ತೆರೆಯಲೇ ಇಲ್ಲ. ನಾನು ಎಲ್ಲ ಬಂದ್ ಮಾಡಿ, ಚೀಟಿ ಕಿತ್ತು ಜೇಬಿಗೆ ಹಾಕಿಕೊಂಡೆ. ಸಂಜೆ ಪೂಜೆಯ ಬಾಡಿದ ಹೂವಿನ ಜೊತೆ ಅದನ್ನೂ ಕೆರೆಗೆ ಹಾಕಿದೆ.

ಮರುದಿನ ವಿಜಯದಶಮಿ, ಬನ್ನಿ ಹಬ್ಬ. ಮದುವೆ ಮುಗಿಸಿ ಬಂದ ಸುಗುಣಾ ಟೀಚರ್ ದಾರಿಯಲ್ಲಿ ಸಿಕ್ಕರು. ವರ್ಷವೂ ಕೊಡುವಂತೆ ಬನ್ನಿ ಎಲೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು ಟೀಚರ’ ಎಂದೆ. ‘ಹಂಗ ಆಗಲ್ರಿ ಸರ್’ ಎಂದು ಎರಡೂ ಕೈ ಚಾಚಿ ತೆಗೆದುಕೊಂಡರು. ಶಾಲೆಗೇ ಹೊರಟಿದ್ದರು, ಡಿಸ್ಕು ಸಾಗಿತೋ ಇಲ್ಲವೋ ನೋಡಲು. ನಾನು ತಡೆಯಲಿಲ್ಲ, ಹೇಳಲಿಲ್ಲ, ಬೇರೆ ಓಣಿ ಹಿಡಿದು ಮನೆಗೆ ಹೋದೆ.

ರಜೆ ಮುಗಿದು ಶಾಲೆ ಶುರುವಾಗುವಷ್ಟರಲ್ಲಿ ಮಾತು ಹಬ್ಬಿತ್ತು. ಪೂಜೆ ಮನಸ್ಸಿಗೆ ಬಾರದೆ ಟೀಚರ್ ಬೇಕೆಂದೇ ಯಂತ್ರ ಕೆಡಿಸಿ ಹೋದರಂತೆ. ಯಾರು ಹುಟ್ಟಿಸಿದರೋ ಗೊತ್ತಿಲ್ಲ. ನಾನು ಹುಟ್ಟಿಸಲಿಲ್ಲ — ಎಂದು ಹೆಮ್ಮೆಯಿಂದ ಹೇಳಿಕೊಳ್ಳಬೇಕೇ? ಅದರ ಗೋಣು ಮುರಿಯಲು ನನ್ನೊಬ್ಬನಿಗೇ ಸಾಧ್ಯವಿತ್ತು. ನಾನು ಸ್ಟಾಫ್ ರೂಮಿನಲ್ಲಿ ಕೂತು ಚಹಾ ಕುಡಿದೆ.

ಸುಗುಣಾ ಟೀಚರ್ ಹತ್ತು ದಿನ ಆ ಸಂಖ್ಯೆ ಹಚ್ಚಿದ ತುಂಡುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಹುಡುಗಿಯರ ಬರಹದಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಸಿಕ್ಕಿತಂತೆ. ಆದರೆ ಇನ್ನೊಂದು ಸಿಕ್ಕಿತು: ಯಂತ್ರದ ದಿನಚರಿ. ಸರ್ವರು ತಾನು ಎದ್ದದ್ದು, ಮಾಡಿದ್ದು, ಎಲ್ಲವನ್ನೂ ಸಮಯ ಸಮೇತ ಬರೆದಿಟ್ಟುಕೊಳ್ಳುತ್ತದೆ. ಅದನ್ನು ಪ್ರಿಂಟ್ ತೆಗೆದುಕೊಂಡು ಮಂಡಳಿಯ ಸಭೆಗೆ ಬಂದರು. ಚೇರ್ಮನ್ನರು, ನಾಲ್ವರು ಸದಸ್ಯರು, ನಾನು. ಅವರಿಗೆ ಕುರ್ಚಿ ಇರಲಿಲ್ಲ. ಯಾರೂ ತರಿಸಲಿಲ್ಲ. ನಾನೂ ಏಳಲಿಲ್ಲ.

‘ನೋಡ್ರಿ ಸಾಹೇಬ್ರ, ಖಂಡೇಪೂಜಿ ದಿವಸ ಮುಂಜಾನೆ ಹತ್ತೂ ನಲವತ್ತರ ತನಕ ಇದು ಬರಕೋಂತ ಹೊಂಟೈತಿ. ಆಮ್ಯಾಲ ಹನ್ನೊಂದೂ ಇಪ್ಪತ್ತೈದಕ್ಕ ಮತ್ತ ಎದ್ದೈತಿ. ಆ ಹೊತ್ತಿಗೆ ನಾ ಬೆಟಗೇರ್ಯಾಗ ಚರ್ಚಿನ್ಯಾಗ ಕುಂತಿದ್ನಿ, ಎಲ್ಲಾರೂ ನೋಡ್ಯಾರ. ಯಾರು ಬಂದ್ ಮಾಡಿದ್ರು ಅಂತ ನಾ ಹೇಳಂಗಿಲ್ಲ. ನಾ ಅಲ್ಲ, ಅಷ್ಟ. ಚೀಟಿನೂ ಹಚ್ಚಿ ಹೋಗಿದ್ನಿ.’

ಚೇರ್ಮನ್ನರಿಗೆ ಆ ಕಾಗದ ಓದಲು ಬರಲಿಲ್ಲ. ನನ್ನ ಕಡೆ ಸರಿಸಿದರು. ‘ಏನ್ರಿ ಪಾಟೀಲ ಮಾಸ್ತರ, ಚೀಟಿ ಇತ್ತೇನು?’

‘ನಾ ನೋಡಿಲ್ರಿ. ನಾ ಬಂದಾಗ ಅದು ಬಂದ್ ಆಗೇ ಇತ್ತು.’

‘ಮತ್ತ ಇದರಾಗ ಏನ್ ಬರದೈತಿ? ಟೀಚರ್ ಹೇಳೋದು ಖರೇ ಏನು?’

ಸುಗುಣಾ ಟೀಚರ್ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಕೋಣೆಯ ಇನ್ನೊಂದು ಕೀಲಿ ನನ್ನ ಹತ್ತಿರ ಮಾತ್ರ ಇತ್ತು, ಗೊತ್ತಿಲ್ಲದೆ ಹೇಗೆ? ಆದರೂ ನನ್ನ ಹೆಸರು ಎತ್ತಲಿಲ್ಲ. ನನ್ನ ಬಾಯಿಂದಲೇ ಬರಲಿ ಎಂದು ನನಗೊಂದು ಅವಕಾಶ ಕೊಟ್ಟರು. ಕಾಗದದ ಮೇಲೆ ಹತ್ತೂ ನಲವತ್ತು ಎಂದು ಸ್ಪಷ್ಟವಾಗಿತ್ತು. ನಾನು ಕನ್ನಡಕ ಹಾಕಿಕೊಂಡೆ, ಹಾಳೆ ತಿರುವಿದೆ, ತಿಳಿದವನ ಹಾಗೆ ಸ್ವಲ್ಪ ನಕ್ಕೆ.

‘ಈ ಹಳೇ ಡಬ್ಬಿಗೋಳ ಗಡಿಯಾರ ಕೆಟ್ಟಾವ್ರಿ ಸಾಹೇಬ್ರ. ಸಾಲ್ಯಾಗ ಎಲ್ಲಾರಿಗೂ ಗೊತ್ತೈತಿ. ಈ ಟೈಮಿಗೆ ಏನೂ ಅರ್ಥ ಇಲ್ರಿ.’

ಸದಸ್ಯರೆಲ್ಲ ನಕ್ಕರು. ‘ಹೌದ್ಹೌದು, ನಮ್ಮ ಮಗಳೂ ಹೇಳ್ತಿದ್ಲು’ ಎಂದರು ಒಬ್ಬರು. ಸುಗುಣಾ ಟೀಚರ್, ‘ಸರ್ವರಿಂದು ಸರಿ ಐತ್ರಿ, ನಾ ದಿನಾ…’ ಎಂದು ಶುರುಮಾಡಿದರು. ಮುಗಿಸಲು ಯಾರೂ ಬಿಡಲಿಲ್ಲ. ‘ಮಾಸ್ತರ ಕಂಪ್ಯೂಟರ್ ಕಲ್ತವರು, ಅವರಿಗೆ ತಿಳಿಯಂಗಿಲ್ಲೇನು?’ ಎಂದು ಚೇರ್ಮನ್ನರು ಕಾಗದ ಮಡಚಿಬಿಟ್ಟರು.

ಒಂಬತ್ತು ವರ್ಷ ದುಡಿದವರ ಮಾತನ್ನು ಅರ್ಧಕ್ಕೇ ಕತ್ತರಿಸಿದ ಆ ಐದು ಜನರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಎದ್ದು ಆ ಕೋಣೆಗೆ ಹೋಗಿ ನೋಡಬಾರದಿತ್ತೇ? ಐವತ್ತು ಹೆಜ್ಜೆ! ಸರ್ವರಿನ ಸಮಯವನ್ನೂ ತಮ್ಮ ಕೈಗಡಿಯಾರವನ್ನೂ ಒಮ್ಮೆ ಹೋಲಿಸಿದ್ದರೆ ನನ್ನ ಬಣ್ಣ ಅಲ್ಲೇ ಬಯಲಾಗುತ್ತಿತ್ತು. ಒಬ್ಬರಿಗೂ ಬೇಕಿರಲಿಲ್ಲ. ಸರ್ಟಿಫಿಕೇಟಿನ ಗಂಡಸು ಹೇಳಿದ, ಹೊಲಿಗೆಯ ಹೆಂಗಸು ಹೇಳಿದಳು, ಮುಗಿಯಿತು ನ್ಯಾಯ. ಬೈಯುತ್ತೇನೆ ಅವರನ್ನು, ಬೈಯದೆ ಬಿಡುವುದಿಲ್ಲ. ಆದರೆ ಅವರು ನಂಬಿದ ಸುಳ್ಳನ್ನು ಅವರ ಕೈಗಿಟ್ಟವನು ನಾನು, ಆದ್ದರಿಂದ ಬೈಗುಳದ ಮೊದಲ ತುತ್ತು ನನ್ನದೇ.

ದೀಪಾವಳಿ ಆಯಿತು. ಖಾಯಂ ಆಗಲಿಲ್ಲ. ಹೊಲಿಗೆ ವಿಷಯ ತೆಗೆದರು, ಮಾರ್ಚಿಗೆ ಅವರನ್ನೂ ತೆಗೆದರು. ಹದಿನೆಂಟು ಡಬ್ಬಿಗಳು ಗುಜರಿಗೆ ಹೋದವು. ಅವುಗಳ ಜಾಗಕ್ಕೆ ಆರು ಹೊಸ ಕಂಪ್ಯೂಟರು ಬಂದವು. ನಾನು ಅವಕ್ಕೆ ಬಟ್ಟೆ ಹೊದಿಸಿ, ಬಾಗಿಲಿಗೆ ಬೀಗ ಜಡಿದು, ತಪಾಸಣೆಗೆ ಯಾರಾದರೂ ಬಂದಾಗ ಮಾತ್ರ ತೆರೆದೆ. ಬಾಗಿಲ ಮೇಲೆ ನನ್ನ ಹೆಸರಿನ ಫಲಕ: ಶಾಲೆಯ ಕಂಪ್ಯೂಟರ್ ಶಿಕ್ಷಣದ ಸ್ಥಾಪಕರು! ಅದನ್ನು ಹಾಕುವಾಗ ಬೇಡ ಎಂದೆ. ಒಂದೇ ಸಲ, ಮೆಲ್ಲಗೆ, ಕೇಳಿಸದ ಹಾಗೆ.

ಹೋದ ತಿಂಗಳು ಮಂಡಳಿಯ ಈಗಿನ ಕಾರ್ಯದರ್ಶಿ ಮನೆಗೆ ಬಂದರು. ಶಾಲೆಯ ಸುವರ್ಣ ಮಹೋತ್ಸವವಂತೆ, ಸ್ಮರಣ ಸಂಚಿಕೆಯಂತೆ. ‘ನಮ್ಮ ಸಾಲಿಗೆ ಕಂಪ್ಯೂಟರ್ ಬಂದ ಕಥಿ ಎರಡು ಪುಟ ಬರದ್ ಕೊಡ್ರಿ ಮಾಸ್ತರ. ಸ್ಟೇಜ್ ಮ್ಯಾಲ ನಿಮಗ ಶಾಲೂ ಹೊದಿಸ್ತೇವಿ.’ ಅವರು ಹೋದ ಮೇಲೆ ಪೆನ್ನು ಹಿಡಿದು ಕೂತೆ. ‘ಆರಂಭದ ದಿನಗಳಲ್ಲಿ’ ಎಂದು ಬರೆದೆ. ಮುಂದೆ ಕೈ ಓಡಲಿಲ್ಲ. ಎರಡು ದಿನ ಹಾಗೇ ಕಳೆಯಿತು. ಮೂರನೇ ದಿನ ಚಪ್ಪಲಿ ಮೆಟ್ಟಿಕೊಂಡು ಉಣಕಲ್ಲಿಗೆ ಹೋದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಹೊರಗೆ ರವಿಕೆ ಹೊಲಿದುಕೊಡುವ ಬೋರ್ಡು ಇತ್ತು. ಕೂದಲು ಪೂರ್ತಿ ಬೆಳ್ಳಗಾಗಿದೆ. ಗುರುತು ಹಿಡಿದು, ‘ಬರ್ರಿ ಸರ್, ಒಳಗ ಬರ್ರಿ’ ಎಂದರು. ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ನಾನು ಚಹಾ ಮುಟ್ಟದೆ ಎಲ್ಲ ಹೇಳಿದೆ, ಚೀಟಿಯಿಂದ ಹಿಡಿದು ಕೆರೆಯವರೆಗೆ. ಅವರು ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರಾಗುತ್ತಿತ್ತು, ಅದಕ್ಕಾಗಿಯೇ ಹೋಗಿದ್ದೆನೇನೋ.

‘ನನಗ ಹೇಳಿ ಏನ್ ಮಾಡ್ತೀರಿ ಸರ್? ನನಗ ಮೊದಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳ್ರಿ.’

ಆರಿದ ಚಹಾದ ಕಪ್ಪನ್ನು ಬದಿಗೆ ಸರಿಸಿ ಮತ್ತೆ ಹೇಳಿದರು: ‘ನೌಕರಿ ಹೋದದ್ದು ಹೋತು ಬಿಡ್ರಿ, ಮಿಷನ್ ತುಳದು ಹೊಟ್ಟಿ ತುಂಬಿಸ್ಕೊಂಡ್ನಿ. ಆದ್ರ ಆ ಹುಡುಗ್ಯಾರು… ನಾ ಬೇಕಂತ ಅಳಿಸೇನಿ ಅಂತ ತಿಳಕೊಂಡ್ರು. ಕಾರಿಡಾರಿನ್ಯಾಗ ಎದುರಿಗೆ ಬಂದ್ರ ಮುಖಾ ತಿರುವತಿದ್ರು. ನಾಲ್ಕ ತಿಂಗಳು. ಅದನ್ನ ಮಾತ್ರ ನಿಮಗ ಮಾಫ್ ಮಾಡಾಕ ಆಗವಲ್ದು ಸರ್.’

ನಾನು ಮಾಫಿ ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ಮನೆಗೆ ಬಂದು ಇಲ್ಲಿಯವರೆಗಿನದನ್ನು ಬರೆದೆ. ಕಾರ್ಯದರ್ಶಿ ಓದಿ ಹೌಹಾರಿದರು. ‘ಶುಭ ಕಾರ್ಯದಾಗ ಇಂಥಾದ್ದು ಹಾಕಾಕ ಬರಂಗಿಲ್ರಿ ಮಾಸ್ತರ. ಹಳೇ ಮಾತು, ಬಿಟ್ಟಬಿಡ್ರಿ.’ ನನಗೆ ಸಿಟ್ಟು ಬಂತು — ಈ ಸಲ ಬರಬೇಕಾದ ಕಡೆಗೇ ಬಂತು. ‘ಅಚ್ಚು ಹಾಕ್ರಿ, ಇಲ್ಲಾಂದ್ರ ಶಾಲೂ ಹೊದಿಸಿದ ಮ್ಯಾಲ ಮೈಕಿನ ಮುಂದ ನಿಂತು ನಾನ ಓದ್ತೇನಿ. ಎರಡ್ರಾಗ ಒಂದು ಆರಿಸಿಕೊಳ್ರಿ. ಮತ್ತ ಆ ಫಲಕ ನಾಳೆ ಮುಂಜಾನೆ ಇಳಿಸ್ರಿ, ಇಲ್ಲಾ ನಾನ ಏಣಿ ಹಚ್ಚತೇನಿ’ ಎಂದೆ. ಏನು ಮಾಡುತ್ತಾರೋ ಅವರಿಗೆ ಬಿಟ್ಟದ್ದು. ನಾನು ಮಾಡುವುದು ನಿಶ್ಚಯವಾಗಿದೆ.

ಹತ್ತನೇ ಇಯತ್ತೆ ‘ಬ’ ವಿಭಾಗದ ಹೆಣ್ಣುಮಕ್ಕಳೇ, ನಿಮಗೆಲ್ಲ ಈಗ ಮೂವತ್ತೈದು ದಾಟಿರಬೇಕು, ನಿಮ್ಮ ಮಕ್ಕಳು ಈಗ ನೀವಿದ್ದ ಬೆಂಚಿನ ಮೇಲೆ ಕೂತಿರಬಹುದು. ನಿಮ್ಮ ಓಣಿಯ ಕಥೆಗಳನ್ನು ಅಳಿಸಿದವನು ನಿಮ್ಮ ಗಣಿತದ ಮಾಸ್ತರ. ನಿಮ್ಮ ಟೀಚರ್ ಅವನ್ನು ಉಳಿಸಲು ಹಚ್ಚಿ ಹೋಗಿದ್ದರು. ಅಳಿದ ಮೇಲೂ ಹತ್ತು ದಿನ ಕೂತು ನಿಮ್ಮ ಒಂದೊಂದು ಸಾಲು ಆರಿಸಿದರು. ಅವರು ಉಣಕಲ್ಲಿನಲ್ಲೇ ಇದ್ದಾರೆ. ನನಗೆ ಏನೂ ಹೇಳಬೇಡಿ, ನನ್ನನ್ನು ನೋಡಲು ಬರಬೇಡಿ. ಅವರ ಮನೆಗೆ ಹೋಗಿ, ಎದುರಿಗೆ ನಿಂತು, ಟೀಚರ್ ಎಂದು ಕರೆಯಿರಿ. ಅಂದು ನೀವು ಅವರಿಂದ ತಿರುಗಿಸಿದ ಮುಖವನ್ನು ಒಮ್ಮೆ ಅವರು ನೋಡಲಿ. ಅದು ನಿಮ್ಮ ತಪ್ಪಾಗಿರಲಿಲ್ಲ. ಅದನ್ನು ತಿರುಗಿಸಿದ್ದು ನಾನು.